ಕೂಗು ಬಡಿತ

ಹಾರ್ನ್ ಸ್ಪೀಕರಿನ ಮೇಲೆ ನನಗೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ. ಅದಕ್ಕೆ ಏನು ಉಣಿಸಿದರೂ ತಗಡು ಮಾಡಿ ಉಗುಳುತ್ತದೆ. ಮದುವೆಯ ವಾಲಗವಾಗಲಿ, ಚುನಾವಣೆಯ ಭಾಷಣವಾಗಲಿ, ಸಾವಿನ ಸುದ್ದಿಯಾಗಲಿ, ಅದರ ಬಾಯಿಂದ ಹೊರಬೀಳುವಾಗ ಎಲ್ಲಕ್ಕೂ ಒಂದೇ ನೆಗಡಿ. ಆದರೆ ಮಳೆಗೆ ಹೆದರುವುದಿಲ್ಲ, ದೂರಕ್ಕೆ ಕೇಳಿಸುತ್ತದೆ, ಲಾರಿಯಿಂದ ಎತ್ತಿ ಹಾಕಿದರೂ ಒಡೆಯುವುದಿಲ್ಲ. ಸಕಲೇಶಪುರ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಮೈಕ್ ಸೆಟ್ ಅಂಗಡಿ ನಡೆಯುತ್ತಿದ್ದುದೇ ಅಂಥ ಹಾರ್ನುಗಳಿಂದ. ತೊಂಬತ್ತರ ದಶಕದ ಕೊನೆಯಲ್ಲಿ, ಭತ್ತ ತೆನೆಗಟ್ಟುವ ಕಾಲಕ್ಕೆ, ಕೆ. ಹೊಸಕೋಟೆ ಕಡೆಯ ಎಸ್ಟೇಟೊಂದರ ರೈಟರ್ ಬಂದು, ಆನೆ ಓಡಿಸುವುದಕ್ಕೆ ಎರಡು ಹಾರ್ನ್ ಬೇಕು ಎಂದರು.

ರೈಟರ್ ಎಂದರೆ ಆಳುಗಳ ಹಾಜರಿ ಬರೆದು ಕೆಲಸ ಹಂಚುವವರು. ಅವರ ಎಸ್ಟೇಟಿನ ಕೆಳಗಿನ ಬೇಲಿಯ ಹತ್ತಿರ ದಿನಾ ಸಂಜೆ ಆನೆಗಳು ಸೇರುತ್ತಿದ್ದವು. ಅಲ್ಲೊಬ್ಬ ತಮಟೆಯವನಿದ್ದ. ಅವನು ಇಬ್ಬರನ್ನು ಜೊತೆಗಿಟ್ಟುಕೊಂಡು ಬೇಲಿಯುದ್ದಕ್ಕೂ ಬಡಿಯುತ್ತ ನಡೆದರೆ ಆನೆಗಳು ಕಾಡಿನ ಕಡೆ ತಿರುಗುತ್ತಿದ್ದವು. ಎಸ್ಟೇಟಿನ ಯಜಮಾನರಿಗೆ ಹೊಳೆದ ಉಪಾಯವೇನೆಂದರೆ, ಒಂದು ಸಲ ಆ ತಮಟೆಯನ್ನು ಕ್ಯಾಸೆಟ್ಟಿಗೆ ತುಂಬಿಕೊಂಡರೆ ಮೂರು ಆಳು ಉಳಿಯುತ್ತದೆ ಎನ್ನುವುದು.

"ಟೇಪಿಗೆ ಜ್ವರ ಬರಲ್ಲ, ಅದು ಬೀಗರ ಮನೇಗ್ ಹೋಯ್ತೀನಿ ಅಂತ ರಜ ಕೇಳಲ್ಲ" ಎಂದರು ಯಜಮಾನರು, ನಾನು ಹೋದ ದಿನವೇ, ತಮಟೆಯವನ ಎದುರಿಗೇ. ಅವನು ನಕ್ಕ. ನಾನೂ ನಕ್ಕೆ.

ಅವನು ನನಗಿಂತ ಹತ್ತು ವರ್ಷವಾದರೂ ದೊಡ್ಡವನು. ಆದರೂ ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಎಲ್ಲರೂ ಹಾಗೇ ಮಾತಾಡಿಸುತ್ತಿದ್ದರು. ಈಗ ಬಹುವಚನ ಹಾಕಿ ಬರೆದರೆ ನಾನು ಒಳ್ಳೆಯವನಂತೆ ಕಾಣಬಹುದು, ಆದರೆ ಅದು ಸುಳ್ಳಾಗುತ್ತದೆ. ಅವನು, ಅವನ ಹೆಂಡತಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ ಇದ್ದರು. ಬೇಲಿಯಾಚೆ ತಗ್ಗಿನಲ್ಲಿ ಅವನದೇ ಆದ ಒಂದು ತುಂಡು ಗದ್ದೆ ಇತ್ತು.

ಮಾರನೆಯ ಬೆಳಿಗ್ಗೆ ಕಾಫಿ ಒಣಗಿಸುವ ಕಣದಲ್ಲಿ ರೆಕಾರ್ಡಿಂಗ್ ಇಟ್ಟುಕೊಂಡೆವು. ಮಂಜು ಇನ್ನೂ ಇಳಿದಿರಲಿಲ್ಲ. ನನಗೆ ಅವಸರ, ಬಾರಿಸು ಎಂದೆ. ಅವನು ತಮಟೆಯನ್ನು ಬೆರಳಲ್ಲಿ ತಟ್ಟಿ ಕಿವಿ ಕೊಟ್ಟು ತಲೆಯಾಡಿಸಿದ.

"ಇದು ಇನ್ನೂ ಎದ್ದಿಲ್ಲ ಮೈಕಣ್ಣ. ನಿದ್ದೆಗಣ್ಣಲ್ಲಿರೋರ ಮಾತು ತುಂಬ್ಕೊಂಡಂಗಾಯ್ತದೆ."

ಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಅದರ ಮೇಲೆ ಸುತ್ತ ತಿರುಗಿಸುತ್ತ, ನಡುನಡುವೆ ತಟ್ಟಿ ನೋಡುತ್ತ ಹತ್ತು ನಿಮಿಷ ಕಳೆದ. ಮೊದಲು ಲೊಟಲೊಟ ಎನ್ನುತ್ತಿದ್ದ ಚರ್ಮ ಬಿಗಿಯಾಗುತ್ತಾ ಹೋಗಿ, ಕೊನೆಗೆ ಒಂದು ಪೆಟ್ಟಿಗೆ ನನ್ನ ರೆಕಾರ್ಡರಿನ ಮುಳ್ಳು ಕೆಂಪಿಗೆ ಹಾರಿತು. ಆಮೇಲೆ ಬೆಟ್ಟದ ಕಡೆ ಮುಖ ಮಾಡಿ ಬಾರಿಸಿದ. ಸಣ್ಣ ಕಡ್ಡಿಯಿಂದ ಅಂಚಿನ ಮೇಲೆ ಚಟಚಟನೆ ಬೀಳುವ, ಉಸಿರಿಗೆ ಬಿಡುವಿಲ್ಲದ ಬಡಿತ. ಅದಕ್ಕೆ ಅವನು 'ಅಟ್ಟು' ಎನ್ನುತ್ತಿದ್ದ, ಅಟ್ಟುವ ಬಡಿತ. ಅರ್ಧ ಗಂಟೆ ತುಂಬಿಕೊಂಡೆ.

ದಪ್ಪ ಕೋಲಿನ ಪೆಟ್ಟು ಮೈಕಿಗೆ ಹೇಗೆ ಕೂರುತ್ತದೆಂದು ನೋಡಬೇಕಿತ್ತು. ನಿಧಾನದ್ದು ಏನಾದರೂ ಬಾರಿಸು ಎಂದೆ. ಸ್ವಲ್ಪ ಅನುಮಾನಿಸಿ, ಚರ್ಮದ ನಡುವಿಗೆ ಮೂರು ಭಾರಿ ಪೆಟ್ಟು ಹಾಕಿ ನಿಲ್ಲಿಸಿದ. ಮತ್ತೆ ಮೂರು ಹಾಕಿ ಮತ್ತೆ ನಿಲ್ಲಿಸಿದ. ಎರಡು ನಿಮಿಷವಾಗಿರಬಹುದು, ಕೆಳಗೆ ಹಣ್ಣು ಬಿಡಿಸುತ್ತಿದ್ದ ನಾಲ್ಕೈದು ಹೆಂಗಸರು ಸೊಂಟದ ಚೀಲ ಹಿಡಿದುಕೊಂಡು ಏದುಸಿರು ಬಿಡುತ್ತ ಕಣಕ್ಕೆ ಹತ್ತಿ ಬಂದರು. ಅವರ ಹಿಂದೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡುತ್ತಿದ್ದವನು ಕತ್ತಿ ಸಮೇತ ಓಡಿ ಬಂದ.

"ಏನಿಲ್ಲ ಓಗ್ರವ್ವ, ಮೈಕಣ್ಣಂಗೆ ತೋರುಸ್ತಿದ್ದೆ" ಎಂದು ತಮಟೆಯವನು ಕೈಮುಗಿದ. ಹೆಂಗಸರು ಅವನಿಗೂ ನನಗೂ ಸೇರಿಸಿ ಬೈದು ಇಳಿದು ಹೋದರು.

ಅದು 'ಕೂಗು'. ಮರದಿಂದ ಯಾರಾದರೂ ಬಿದ್ದರೆ, ಹಾವು ಕಚ್ಚಿದರೆ, ಬೆಂಕಿ ಬಿದ್ದರೆ, ಆನೆ ಮೈಮೇಲೆ ಬಂದರೆ ಬಾರಿಸುವುದು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಲೇಬೇಕು.

"ಅದನ್ನ ಅಳಿಸ್ಬುಡಿ ಮೈಕಣ್ಣ. ಸುಮ್‌ಸುಮ್ನೆ ಕೇಳುಸ್ಬಾರ್ದು" ಎಂದ. ಆಯಿತು ಎಂದೆ. ಅಳಿಸಲಿಲ್ಲ. ಅಷ್ಟು ತುಂಬಿದ ಸದ್ದು ನನ್ನ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ.

ಬೇಲಿಯ ಹತ್ತಿರದ ಪಂಪ್ ಹೌಸಿನಲ್ಲಿ ಆಂಪ್ಲಿಫಯರ್ ಇಟ್ಟು, ಸಿಲ್ವರ್ ಮರಕ್ಕೆ ಎರಡು ಹಾರ್ನ್ ಕಟ್ಟಿದೆ. ಎರಡೂ ಬದಿ ತಾನೇ ತಿರುಗುವ ಟೇಪು, ಸಂಜೆ ಐದೂವರೆಗೆ ಹೊತ್ತಿಕೊಳ್ಳಲು ಒಂದು ಗಡಿಯಾರದ ಸ್ವಿಚ್ಚು. ಮೊದಲ ಸಂಜೆ ಯಜಮಾನರು, ರೈಟರ್, ಲೈನಿನ ಅರ್ಧ ಜನ ಮೇಲಿನ ದಾರಿಯಲ್ಲಿ ನಿಂತು ನೋಡಿದರು. ಮೂರು ಆನೆಗಳು ಬಾಳೆ ಮುರಿಯುತ್ತಿದ್ದವು. ಹಾರ್ನ್ ಅರಚಿತು. ಒಂದು ಆನೆ ಸೊಂಡಿಲೆತ್ತಿ ಹಾರ್ನಿನ ಕಡೆ ಗಾಳಿ ಮೂಸಿ, ಇಳಿಸಿ, ಮತ್ತೆ ಬಾಳೆಗೆ ಕೈಹಾಕಿತು. ಸೌಂಡ್ ಏರಿಸಿದೆ. ಕಾಗೆಗಳು ಎದ್ದವು. ಆನೆಗಳು ತಿನ್ನುತ್ತಲೇ ಇದ್ದವು.

ಯಜಮಾನರು ತಮಟೆಯವನಿಗೆ ಸನ್ನೆ ಮಾಡಿದರು. ಅವನು ಬೇಲಿಗಿಳಿದು ಹತ್ತು ಪೆಟ್ಟು ಹಾಕಿರಬೇಕು, ಮೂರೂ ತಿರುಗಿ ನಡೆದವು.

"ನಿನ್ನ ಮೈಕಿಗಿಂತ ಅವನ ಚರ್ಮನೇ ವಾಸಿ ಕಣಯ್ಯ" ಎಂದರು ಯಜಮಾನರು. ಲೈನಿನ ಜನ ನಕ್ಕರು. ತಮಟೆಯವನು ನಗಲಿಲ್ಲ ಎನ್ನುವುದು ನನಗೆ ಈಗ ನೆನಪಾಗುತ್ತದೆ, ಆಗ ಅವನು ಒಳಗೊಳಗೇ ನಗುತ್ತಿದ್ದಾನೆ ಎಂದೇ ಅನ್ನಿಸಿತ್ತು.

ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಒಂದೇ ಸ್ವರವನ್ನು ಹಾರ್ಮೋನಿಯಂ ಹಿಡಿದರೂ ಕೊಳಲು ಹಿಡಿದರೂ ಸ್ವರ ಅದೇ, ಜೋರು ಅಷ್ಟೇ. ಆದರೂ ಕಣ್ಣು ಮುಚ್ಚಿಕೊಂಡು ಇದು ಇದೇ ಎಂದು ಹೇಳಬಹುದು. ಮೂಲ ಸ್ವರದ ಬೆನ್ನಿಗೆ ಬರುವ ಹತ್ತಾರು ಸಣ್ಣ ಸ್ವರಗಳಲ್ಲಿ ಯಾವುದು ಜಾಸ್ತಿ, ಯಾವುದು ಕಮ್ಮಿ, ಪೆಟ್ಟು ಹೇಗೆ ಏಳುತ್ತದೆ, ಹೇಗೆ ಆರುತ್ತದೆ, ಅದರಲ್ಲಿದೆ ಗುಟ್ಟು. ನಾವು ಮೈಕಿನವರು ಅದನ್ನು ಬಣ್ಣ ಎನ್ನುತ್ತೇವೆ. ಹಾರ್ನ್ ಕೆಳಗಿನ ಸ್ವರಗಳನ್ನು ಪೂರಾ ನುಂಗಿಬಿಡುತ್ತದೆ, ನಡುವಿನದನ್ನು ಕೆರೆದು ಎತ್ತುತ್ತದೆ. ತಮಟೆಯ ಜೀವ ಇರುವುದು ಕೆಳಗಿನದರಲ್ಲಿ. ನಮಗೆ ಕೇಳಿಸದಷ್ಟು ಕೆಳಗಿನದನ್ನೂ ಕೇಳುವ ಪ್ರಾಣಿಗೆ ನಾನು ತಗಡು ಕೇಳಿಸಿದ್ದೆ.

ಹಾರ್ನುಗಳನ್ನು ಬಿಚ್ಚಿದೆ. ಆರ್ಕೆಸ್ಟ್ರಾಗೆಂದು ಇಟ್ಟುಕೊಂಡಿದ್ದ ಹದಿನೈದು ಇಂಚಿನ ಸ್ಪೀಕರನ್ನು ತಂದು ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿದೆ. ಕೆಳಗಿನ ಸದ್ದೇನೋ ಬಂತು, ಆದರೆ ಪ್ರತಿ ಪೆಟ್ಟಿನ ಹಿಂದೆ ಪೆಟ್ಟಿಗೆಯೂ ತನ್ನದೊಂದು 'ಬುಂ' ಸೇರಿಸುತ್ತಿತ್ತು. ತೆಳು ಹಲಗೆ ತಾನೇ ಒಂದು ವಾದ್ಯವಾಗಿಬಿಟ್ಟಿತ್ತು. ಎಸ್ಟೇಟಿನ ಸ್ಟೋರಿನಲ್ಲಿ ಹಲಸಿನ ಹಲಗೆಗಳಿದ್ದವು, ಒಂದೂವರೆ ಇಂಚು ದಪ್ಪ. ಅವನ್ನು ಕೇಳಿ ಪಡೆದು, ಒಳಗೆ ಅಡ್ಡಪಟ್ಟಿ ಕೊಟ್ಟು, ಗೋಡೆಗಳಿಗೆ ತೆಂಗಿನ ನಾರು ಹಾಸಿ ಗೋಣಿ ಹೊಲಿದೆ. ಈಗ ಪೆಟ್ಟಿಗೆ ಬಾಯಿ ಮುಚ್ಚಿತು. ಮತ್ತೆ ರೆಕಾರ್ಡ್ ಮಾಡಿದೆ. ಮೈಕನ್ನು ಚರ್ಮದ ಮುಂದೆ ಹಿಡಿದರೆ ಬರೀ ಚಟ್ ಎನ್ನುವ ಪೆಟ್ಟು, ಹಿಂದೆ ಹಿಡಿದರೆ ಬರೀ ಗುಂಗು. ಮೊಣಕೈ ಎತ್ತರದಲ್ಲಿ, ಚರ್ಮ ಬಿಗಿದ ಮರದ ಬಳೆಯ ಪಕ್ಕಕ್ಕೆ, ಒಂದು ಮಾರು ದೂರ ಇಟ್ಟಾಗ ಎರಡೂ ಕೂಡಿ ಬಂದವು. ಇಷ್ಟಕ್ಕೆ ಹದಿನಾಲ್ಕು ದಿನ ಹಿಡಿಯಿತು. ತಮಟೆಯವನು ಪ್ರತಿ ಸಲ ಕರೆದಾಗಲೂ ಬಂದ, ಬೆಂಕಿ ಹಾಕಿ ಕಾಯಿಸಿದ, ಹೇಳಿದಷ್ಟು ಹೊತ್ತು ಬಾರಿಸಿದ. ತನ್ನ ಕೆಲಸ ತಾನೇ ಕಳೆದುಕೊಳ್ಳುತ್ತಿದ್ದಾನೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕರೆದರೆ ಬರದೆ ಇರುವುದು ಅವನಿಗೆ ಗೊತ್ತಿರಲಿಲ್ಲ.

ಕ್ಯಾಸೆಟ್ ಜೋಡಿಸುವಾಗ ನಾನೊಂದು ತೀರ್ಮಾನ ತೆಗೆದುಕೊಂಡೆ. ಅಟ್ಟು ಬಡಿತದಲ್ಲಿ ಅಂಚಿನ ಪೆಟ್ಟೇ ಹೆಚ್ಚು, ಅದರಲ್ಲಿ ನನ್ನ ಹಲಸಿನ ಪೆಟ್ಟಿಗೆಯ ಹೆಚ್ಚುಗಾರಿಕೆ ಗೊತ್ತಾಗುತ್ತಲೇ ಇರಲಿಲ್ಲ. ಮೊದಲ ದಿನ ಅಳಿಸದೆ ಇಟ್ಟುಕೊಂಡಿದ್ದ ಕೂಗು ಬಡಿತ ಹಾಕಿದರೆ ಎದೆಗೂಡು ಅದುರುತ್ತಿತ್ತು. ಹತ್ತು ನಿಮಿಷ ಅಟ್ಟು, ಎರಡು ನಿಮಿಷ ಕೂಗು, ಹೀಗೆ ಕ್ಯಾಸೆಟ್ಟಿನ ಎರಡೂ ಬದಿ ತುಂಬಿಸಿದೆ. ಆನೆಗೆ ಅದರ ಅಗತ್ಯವಿತ್ತೋ ಇಲ್ಲವೋ, ನನಗಿತ್ತು.

ಯಜಮಾನರಿಗೆ ತಮಾಷೆಯ ಮನಸ್ಸು ಬಂದು ಪರೀಕ್ಷೆ ಇಟ್ಟರು. ಭಾನುವಾರ ಮಧ್ಯಾಹ್ನ ಲೈನಿನವರನ್ನೆಲ್ಲ ಕಣದಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿದರು. ಗೋಣಿ ಪರದೆಯ ಹಿಂದೆ ಒಂದು ಕಡೆ ಪೆಟ್ಟಿಗೆ, ಇನ್ನೊಂದು ಕಡೆ ತಮಟೆಯವನು. ಮೊದಲು ಹಾರ್ನಿನಲ್ಲಿ ಕೇಳಿಸಿದೆ. "ತಗಡು, ತಗಡು" ಎಂದು ಎಲ್ಲರೂ ಕೂಗಿದರು. ಆಮೇಲೆ ಪೆಟ್ಟಿಗೆ, ಅದರ ಹಿಂದೆ ನಿಜದ್ದು. ಒಬ್ಬೊಬ್ಬರದು ಒಂದೊಂದು ಮಾತಾಯಿತು. ಯಜಮಾನರು ತಮಟೆಯವನ ಹೆಂಡತಿಯನ್ನು ಮುಂದೆ ಕರೆದರು.

"ನಿನ್ನ ಗಂಡನ ಕೈ ನಿಂಗೆ ಗೊತ್ತಿರಲ್ವೇನೇ? ಯಾವ್ದು ಹೇಳು."

ಆಕೆ ಸೆರಗು ಬಾಯಿಗಿಟ್ಟುಕೊಂಡು ಎರಡು ಸಲ ಕೇಳಿದಳು. ಮೂರನೆಯ ಸಲವೂ ಕೇಳಿಸಿ ಎಂದಳು. ಆಮೇಲೆ, "ಇದೇ ಬುದ್ಧಿ, ಇದೇ ನಮ್ಮನೇರ್ದು" ಎಂದಳು.

ಯಜಮಾನರು ಪರದೆ ಎಳೆದರು. ಪೆಟ್ಟಿಗೆ ಬಾರಿಸುತ್ತಿತ್ತು, ಅಟ್ಟು ಮುಗಿದು ಕೂಗಿಗೆ ಬಂದಿತ್ತು. ತಮಟೆಯವನು ಕೋಲು ಕೆಳಗಿಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದ. ಕಣವೆಲ್ಲ ನಕ್ಕಿತು. ಆಕೆಯೂ ನಾಚಿ ನಕ್ಕಳು, ಗಂಡನ ಮುಖ ನೋಡಿದ ಮೇಲೆ ನಿಲ್ಲಿಸಿದಳು. ನನ್ನ ಜೀವನದಲ್ಲಿ ಅಷ್ಟು ಖುಷಿಯಾದ ಮಧ್ಯಾಹ್ನ ಇನ್ನೊಂದಿಲ್ಲ, ಅದನ್ನು ಹೇಳದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

"ನಾಳಿಂದ ನೀನು ಬೇಲಿಗ್ ಬರೋದು ಬ್ಯಾಡ ಕಣೋ. ಮರಗಸಿಗೆ ಹೋಗು" ಎಂದರು ಯಜಮಾನರು ಅವನಿಗೆ.

"ಆಗ್ಲಿ ಬುದ್ಧಿ" ಎಂದವನು, ನಾನು ವೈರು ಸುತ್ತುತ್ತಿದ್ದಲ್ಲಿಗೆ ಬಂದ. "ಕೂಗು ಹಾಕ್ಬ್ಯಾಡಿ ಅಂದಿದ್ನಲ್ಲ ಮೈಕಣ್ಣ."

"ಆನೆಗೇನು ಅದರ ಅರ್ಥ ಗೊತ್ತಾಗುತ್ತಾ ಮಾರಾಯ?"

"ಆನೆಗಲ್ಲ. ಜನುಕ್ಕೆ."

ಯಜಮಾನರು ಕೇಳಿಸಿಕೊಂಡರು. "ಜನುಕ್ಕೆ ಅದು ಪೆಟ್ಟಿಗೆ ಅಂತ ಹೇಳಿದ್ರಾಯ್ತು. ರೈಟ್ರೇ, ಲೈನಲ್ಲಿ ಎಲ್ರಿಗೂ ಹೇಳ್ಬುಡಿ. ಇನ್ಮೇಲೆ ಸಂಜೆ ಹೊತ್ತು ಕೂಗು ಕೇಳುದ್ರೆ ಯಾರೂ ಕೆಲಸ ಬಿಟ್ ಓಡೋದು ಬ್ಯಾಡ." ರೈಟರ್ ಹೇಳಿದರು.

ಪೆಟ್ಟಿಗೆ ಗೆದ್ದಿತು. ಮೊದಲ ಸಂಜೆಯೇ ಆನೆಗಳು ಬೇಲಿ ಬಿಟ್ಟವು. ಆದರೆ ಕಾಡಿಗೆ ಹೋಗಲಿಲ್ಲ, ಪಕ್ಕದ ಊರು ಪಾಳ್ಯದ ಕಡೆಯ ಗದ್ದೆಗಳಿಗೆ ಇಳಿದವು. ಎರಡು ವಾರದಲ್ಲಿ ಆ ಕಡೆಯ ಸಣ್ಣ ರೈತರು ಬಂದು ಗೇಟಿನಲ್ಲಿ ನಿಂತು ಕೇಳಿದರು. "ನಮ್ಮ ಬೇಲಿ ದಾಟಿದ್ ಮೇಲೆ ಅದು ಸರ್ಕಾರದ ಆನೆ" ಎಂದು ಯಜಮಾನರು ಕಳಿಸಿಬಿಟ್ಟರು. ಲೈನಿನಲ್ಲಿ ಮೊದಲೆರಡು ದಿನ ಕೂಗು ಕೇಳಿ ಹೆಂಗಸರು ಅಭ್ಯಾಸಬಲದಿಂದ ಬಾಗಿಲಿಗೆ ಬಂದರಂತೆ. ಆಮೇಲೆ ಕೂಗು ಬಂದರೆ ಒಲೆಗೆ ಅನ್ನಕ್ಕಿಡುವ ಹೊತ್ತಾಯಿತು ಎಂದು ಲೆಕ್ಕ. ರೈಟರ್ ಇದನ್ನೆಲ್ಲ ನಗುತ್ತ ಹೇಳುತ್ತಿದ್ದರು.

ತಿಂಗಳು ತುಂಬುವ ಹೊತ್ತಿಗೆ ಅವರೇ ಮತ್ತೆ ಅಂಗಡಿಗೆ ಬಂದರು. ಸದ್ದು ಮಬ್ಬಾಗಿದೆ, ಒಂದು ಒಂಟಿ ಸಲಗ ಪೆಟ್ಟಿಗೆಗೆ ಕ್ಯಾರೇ ಅನ್ನದೆ ಬೇಲಿಯ ಆಚೆಯೇ ಬಿದ್ದುಕೊಂಡಿರುತ್ತದೆ ಎಂದರು. ಟೇಪಿನ ಹೆಡ್ಡಿಗೆ ಕೊಳೆ ಕೂತಿರಬೇಕು ಎಂದುಕೊಂಡೆ. ಆನೆ ಪಾಠ ಕಲಿತಿರಬಹುದು ಎಂದು ನನಗೆ ಹೊಳೆಯಲಿಲ್ಲ. ದಿನಾ ಅದೇ ಹೊತ್ತಿಗೆ ಅದೇ ತಮಟೆ, ಅದರ ಹಿಂದೆ ಒಬ್ಬ ಮನುಷ್ಯನೂ ಇಲ್ಲ. ತಗಡಿನ ದನಿಯಾಗಿದ್ದರೆ ಅದು ತಗಡಿಗೆ ಮಾತ್ರ ಹೆದರುವುದು ಬಿಡುತ್ತಿತ್ತು. ನಾನು ಅದಕ್ಕೆ ನಿಜವಾದ ತಮಟೆಗೇ ಹೆದರಬೇಡ ಎಂದು ಕಲಿಸಿದ್ದೆ.

ಮಧ್ಯಾಹ್ನ ಮೂರಕ್ಕೆ ಪಂಪ್ ಹೌಸಿಗೆ ಹೋದೆ. ಕ್ಯಾಸೆಟ್ ತೆಗೆದು, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಹೆಡ್ ಒರೆಸಿದೆ. ಸ್ಪೀಕರಿನ ಕಾಗದ ತಂಡಿಗೆ ಮೆತ್ತಗಾಗಿತ್ತು, ಅಂಚಿಗೆ ವಾರ್ನಿಷ್ ಎಳೆದೆ. ತಂತಿಗಳನ್ನು ಕೆರೆದು ಮತ್ತೆ ಬಿಗಿದೆ. ಐದು ಗಂಟೆಗೆ ರೈಟರ್ ಕಾಫಿಗೆ ಕರೆದರು. ಬಾಗಿಲೆಳೆದುಕೊಂಡು ಕಣಕ್ಕೆ ಹತ್ತಿದೆ. ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಐದೂವರೆಗೆ ಶುರುವಾಗಬೇಕಿದ್ದ ಸದ್ದು ಐದೂಮುಕ್ಕಾಲಿಗೆ ಬಂತು. ಗಡಿಯಾರ ಹಿಂದೆ ಬಿದ್ದಿದೆ, ನಾಳೆ ಸರಿಮಾಡಬೇಕು ಎಂದುಕೊಂಡೆ. ತಗ್ಗಿನಿಂದ ಅಟ್ಟು ಬಡಿತ ಏರಿ ಬಂತು, ಕಡ್ಡಿಯ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ. ಸ್ವಲ್ಪ ಹೊತ್ತಿಗೆ ಕೂಗು ಶುರುವಾಯಿತು. ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು.

"ಕೇಳಿ ಸಾರ್, ನಡು ಪೆಟ್ಟು ಹೇಗೆ ಮೈದುಂಬಿ ಬರ್ತಿದೆ. ಹೆಡ್ ಒರೆಸಿದ್ದಕ್ಕೆ ಇಷ್ಟು ವ್ಯತ್ಯಾಸ" ಎಂದೆ.

"ಈಗ ಬಂತು ನೋಡು ಚರ್ಮದ ಸದ್ದು" ಎಂದರು ಯಜಮಾನರು.

ಲೋಟ ಹಿಡಿದುಕೊಂಡು ಕೇಳುತ್ತ ಕೂತೆ. ಪೆಟ್ಟು ಆರುವಾಗ ಕೊನೆಯಲ್ಲಿ ಬಳೆಯ ಮರ ಸಣ್ಣಗೆ ಮಿಡಿಯುವುದೂ ಕೇಳಿಸುತ್ತಿತ್ತು. ಅದನ್ನು ನಾನು ರೆಕಾರ್ಡಿನಲ್ಲಿ ಎಂದೂ ಗಮನಿಸಿರಲಿಲ್ಲ. ಎಂಥ ಪೆಟ್ಟಿಗೆ ಮಾಡಿದ್ದೀನಿ ಎಂದು ನನಗೆ ನಾನೇ ಹೇಳಿಕೊಂಡೆ. ಕೆಳಗೆ ಲೈನ್ ಮನೆಗಳ ಹೆಂಚಿನ ಮೇಲೆ ಹೊಗೆ ಏಳುತ್ತಿತ್ತು. ಯಾರೂ ಹೊರಗೆ ಬರಲಿಲ್ಲ.

ಮೂರರ ನಡುವಿನ ಬಿಡುವು ಕಡಿಮೆಯಾಗತೊಡಗಿತು. ಪೆಟ್ಟುಗಳು ಒಂದರ ಮೇಲೊಂದು ಬಿದ್ದವು, ನಾಲ್ಕಾದವು, ಐದಾದವು.

"ಮೋಟರಿನ ಸ್ಪೀಡು ಏರುಪೇರಾಗ್ತಿದೆ" ಎಂದೆ.

ಆಮೇಲೆ ನಿಂತುಹೋಯಿತು. "ಟೇಪ್ ಸಿಕ್ಕಾಕ್ಕೊಂಡ್ತು ಅನ್ಸುತ್ತೆ ಮಾರಾಯ" ಎಂದರು ರೈಟರ್. ನೋಡಿಕೊಂಡು ಬರುತ್ತೇನೆಂದು ಎದ್ದೆ. ಬೀಡಿಗೆಂದು ಅಂಗಿಯ ಜೇಬಿಗೆ ಕೈಹಾಕಿದೆ. ಕ್ಯಾಸೆಟ್ ಕೈಗೆ ಸಿಕ್ಕಿತು. ಹೆಡ್ ಒರೆಸುವಾಗ ತೆಗೆದು ಇಟ್ಟುಕೊಂಡಿದ್ದು, ಮತ್ತೆ ಹಾಕಿಯೇ ಇರಲಿಲ್ಲ.

ಅದನ್ನು ಹೊರಗೆ ತೆಗೆದು ರೈಟರಿಗೆ ತೋರಿಸಿದೆ. ಅವರು ಕ್ಯಾಸೆಟ್ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಓಡಿದರು.

ತಮಟೆಯವನು ಮರಗಸಿ ಮುಗಿಸಿ, ತಮಟೆ ತೆಗೆದುಕೊಂಡು ತನ್ನ ಗದ್ದೆ ಕಾಯಲು ಹೋಗಿದ್ದ. ನಾವು ಇಳಿದಾಗ ಸಲಗ ಇನ್ನೂ ಗದ್ದೆಯಲ್ಲೇ ನಿಂತಿತ್ತು, ಅವನು ಅದರ ಕಾಲ ಹತ್ತಿರ ಬದುವಿನ ಪಕ್ಕ ಬಿದ್ದಿದ್ದ. ಹತ್ತಿರ ಹೋಗುವಂತಿರಲಿಲ್ಲ. ಹಿಂದೆಯೇ ಬಂದ ಯಜಮಾನರು, "ಪೆಟ್ಟಿಗೆ ಹಾಕಯ್ಯ, ನೋಡ್ತಾ ನಿಂತ್ಯಲ್ಲ" ಎಂದರು. ಪಂಪ್ ಹೌಸಿಗೆ ಓಡಿ ಕ್ಯಾಸೆಟ್ ತುರುಕಿದೆ. ಅವನ ಕೈಯ ಬಡಿತವೇ ಅವನ ಮೇಲಿಂದ ಹಾಯ್ದು ಹೋಯಿತು. ಆನೆ ಕಿವಿ ಬೀಸಿತು, ಒಂದು ಹಿಡಿ ತೆನೆ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿಂದಿತು. ನಾನು ಪಂಪ್ ಹೌಸಿನ ಕತ್ತಲಲ್ಲೇ ನಿಂತಿದ್ದೆ, ಕೊನೆಗೆ ಲೈನಿನವರಲ್ಲಿ ಯಾರೋ ಪಟಾಕಿ ಸರ ತಂದು ಹಚ್ಚಿದ ಮೇಲೆ ಹೋಯಿತು. ಆಗ ಅವನಲ್ಲಿ ಜೀವವಿರಲಿಲ್ಲ. ಎಷ್ಟು ಹೊತ್ತಿನ ಹಿಂದೆ ಹೋಗಿತ್ತೋ, ನಾವು ಕಾಫಿ ಕುಡಿಯುವಾಗಲೇ ಹೋಗಿತ್ತೋ, ಯಾರೂ ಹೇಳಲಿಲ್ಲ.

ವಿಚಾರಣೆಗೆ ಬಂದ ಅರಣ್ಯ ಇಲಾಖೆಯವರು ಲೈನಿನವರನ್ನು ಒಂದೇ ಮಾತು ಕೇಳಿದರು, ತಮಟೆ ಕೇಳಿಸಲಿಲ್ಲವೇ ಎಂದು. ಕೇಳಿಸಿತು ಎಂದು ಎಲ್ಲರೂ ಹೇಳಿದರು. ಮತ್ತೆ ಯಾಕೆ ಹೋಗಲಿಲ್ಲ ಎಂದಾಗ ರೈಟರ್ ನಡುವೆ ಬಂದು, ಸಂಜೆ ಹೊತ್ತು ಯಂತ್ರದ ಸದ್ದು ಇರುತ್ತದೆ ಎಂದು ವಿವರಿಸಿದರು. ಅವರು ಅಷ್ಟನ್ನೇ ಬರೆದುಕೊಂಡರು.

ಹನ್ನೆರಡು ದಿನದ ಮೇಲೆ ಯಜಮಾನರು ಹೇಳಿ ಕಳಿಸಿದರು. "ಕೂಗು ಒಂದು ತೆಗೆದಾಕು. ಅಟ್ಟು ಇರ್ಲಿ, ಕಾಫಿ ಕುಯ್ಲು ಮುಗಿಯೋವರೆಗಾದ್ರೂ ಬೇಕು." ಪಂಪ್ ಹೌಸಿನಲ್ಲಿ ಕೂತು ಕ್ಯಾಸೆಟ್ಟಿನ ಮೇಲಿನ ಕೂಗನ್ನೆಲ್ಲ ಒಂದೊಂದಾಗಿ ಅಳಿಸಿದೆ. ಅವನು ಹೇಳಿದ ದಿನ ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿದ್ದ ಕೆಲಸ. ರೈಟರ್ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ತಮಟೆಯವನ ಹೆಂಡತಿ ಬಂದು ನಿಂತಿದ್ದು ನಾನು ತಲೆಯೆತ್ತಿದಾಗಲೇ ಗೊತ್ತಾಗಿದ್ದು.

"ಅಕ್ಕಿ ಆರುಸ್ತಾ ಕೂತಿದ್ದೆ ಅಣ್ಣಾ" ಎಂದಳು ಆಕೆ, ನಾನು ಏನೂ ಕೇಳದೆಯೇ. "ಚೆನ್ನಾಗ್ ಕೇಳುಸ್ತು. ಪೆಟ್ಟಿಗೆ ಬಡ್ಕೊಳ್ತೈತೆ ಅಂದ್ಕೊಂಡು ಒಲೆಗೆ ಎಸರಿಟ್ಟೆ."

ನಾನು ಟೇಪಿನ ಮುಚ್ಚಳ ಹಾಕಿದೆ.

"ಆವತ್ತು ನೀವಿಲ್ಲೇ ಇದ್ರಾ ಅಣ್ಣಾ?"

ರೈಟರ್ ನೆಲ ನೋಡಿದರು.

"ಇಲ್ಲಮ್ಮ. ಮಧ್ಯಾಹ್ನದ ಬಸ್ಸಿಗೇ ಹೋಗಿದ್ದೆ" ಎಂದೆ.

ಆಕೆ ತಲೆಯಾಡಿಸಿದಳು. ಪೆಟ್ಟಿಗೆಯ ಹಲಸಿನ ಹಲಗೆಯ ಮೇಲೆ ಒಂದು ಸಲ ಕೈಯಾಡಿಸಿದಳು.

"ನಮ್ಗೇನ್ ಗೊತ್ತಾಯ್ತದೆ. ನೀವಿದ್ದಿದ್ರೆ ಗೊತ್ತಾಗ್ತಿತ್ತು" ಎಂದಳು.

ಹೂಂ ಎಂದೆ.